ತಾನೇ ಆರಿಸಿಕೊಂಡ ಡ್ಯೂಟಿ

ಒಂದಾನೊಂದು ಆಸ್ಪತ್ರೆಯಲ್ಲಿ ಒಬ್ಬಳು ನರ್ಸ್ ಇದ್ದಳಂತೆ. "ಒಂದಿನ ಬಂದು ನನ್ನ ತಲೆ ಬಾಚಿ ಜಡೆ ಹಾಕೇ" ಎಂದು ಊರಿನಿಂದ ತಾಯಿ ಕೇಳುತ್ತಲೇ ಇದ್ದಳು. "ಬರ್ತೀನಿ ಕಣವ್ವ" ಎಂದು ಇವಳು ಮಾತು ಕೊಡುತ್ತಲೇ ಇದ್ದಳು. ರಜೆ ಮಾತ್ರ ಸಿಗಲಿಲ್ಲ. ಕೊನೆಗೆ ಕಾಯಂ ಕೆಲಸ ಬಿಟ್ಟು, ಬೇಕಾದ ದಿನ ಬೇಕಾದ ಕಡೆ ಡ್ಯೂಟಿ ಆರಿಸಿಕೊಳ್ಳಬಹುದಾದ ಏಜೆನ್ಸಿ ಸೇರಿದಳು. ಮೊದಲ ದಿನವೇ ಬೇರೊಂದು ಆಸ್ಪತ್ರೆಯ ಐಸಿಯು ಆರಿಸಿಕೊಂಡಳು.

"ಪ್ರಜ್ಞೆನೇ ಇಲ್ಲದ ಅಜ್ಜಿಗೆ ತಲೆ ಬಾಚ್ತಾ ನಿಂತಿದ್ದೀರಲ್ಲ ಸಿಸ್ಟರ್! ಹೆತ್ತ ಮಗಳಿಗೇ ಇಲ್ಲದ ಕಾಳಜಿ ನಿಮಗ್ಯಾಕೆ?" ಎಂದು ಅಲ್ಲಿನ ನರ್ಸ್ ನಕ್ಕಳು.

"ಮಗಳು ಬಂದ್ರೆ ಐದು ನಿಮಿಷ ತಾನೆ ನೀವು ಒಳಗೆ ಬಿಡೋದು? ಜಡೆ ಹಾಕೋಕೆ ಸಾಲಲ್ಲ" ಎಂದು ಇವಳು ಅವ್ವನ ಜಡೆಯ ತುದಿಗೆ ಗಂಟು ಹಾಕಿದಳು.