ಅಣ್ಣನ ಕಾಲಡಿಯ ಗುರುತು

“ನಾನು ಎಂಜಿನಿಯರ್ ಆದ್ಮೇಲೆ ನಿನ್ನ ಟೆಂಪೋನ ಯಾರೂ ತಡೆಯದ ಹಾಗೆ ನೋಡ್ಕೋತೀನಿ,” ಎಂದು ಅವಳು ಅಣ್ಣನಿಗೆ ಮಾತು ಕೊಟ್ಟಿದ್ದಳು. ಆಗೆಲ್ಲ ಪರೀಕ್ಷೆಗೆ ಅವಳನ್ನು ಬಿಟ್ಟುಬರುತ್ತಿದ್ದದ್ದು ಅದೇ ಟೆಂಪೋ.

ಈಗ ಪಾಲಿಕೆಯ ಎಂಜಿನಿಯರಾಗಿ ಅವಳು ಅವನ ಅಂಗಡಿಯೆದುರು ಸೀಮೆಸುಣ್ಣ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಳು. ಗುರುತು ಬಿದ್ದಲ್ಲಿ ಕ್ಯಾಮೆರಾ ಕಂಬ ಏಳುತ್ತದೆ. ಅದನ್ನು ದಾಟಿ ಪೇಟೆಗೆ ಬರುವ ಪ್ರತಿ ಗಾಡಿಗೂ, ಸಂಚಾರ ತಗ್ಗಿಸಲೆಂದು, ದಟ್ಟಣೆ ಶುಲ್ಕ. ಸರಿಯಾಗಿ ಆ ಜಾಗದ ಮೇಲೇ ಅಣ್ಣ ನಿಂತಿದ್ದ.

“ಕಂಬಾನ ನಾಲ್ಕೇ ಹೆಜ್ಜೆ ಪೇಟೆ ಕಡೆಗೆ ಹಾಕಮ್ಮ, ನನ್ನಂಗಡಿ ಹೊರಗುಳಿಯುತ್ತೆ. ಇಲ್ಲಾಂದ್ರೆ ಟೆಂಪೋ ಬಂದಾಗೆಲ್ಲ ಶುಲ್ಕ ಕಟ್ಟಿ ಕಟ್ಟಿ ಬಾಗಿಲು ಹಾಕ್ಬೇಕಾಗುತ್ತೆ.”

“ಬೀದಿಯವರೆಲ್ಲ ನಾಲ್ಕೇ ಹೆಜ್ಜೆ ಕೇಳಿದಾರೆ ಅಣ್ಣ. ಹೀಗೇ ಸರಿಸ್ತಾ ಹೋದ್ರೆ ಕಂಬ ಬಂದು ನನ್ನ ಆಫೀಸ್ ಮೇಜಿನ ಮೇಲೆ ನಿಲ್ಲುತ್ತೆ. ಕಾಲು ತೆಗಿ.”

ಅವನು ತೆಗೆಯಲಿಲ್ಲ. ಅವಳು ಅವನ ಚಪ್ಪಲಿಯ ಸುತ್ತಲೂ ಗೆರೆ ಎಳೆದು, ಕಂಬದ ಸಂಖ್ಯೆ ಬರೆದು ಎದ್ದಳು. ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.