ಧೂಳಿನ ಹಲಗೆ

ಟಿಬೆಟನ್ ಕ್ಯಾಂಪಿನಲ್ಲಿ ಸತ್ತವರನ್ನು ಮೊದಲು ಯಾರು ಮುಟ್ಟಬೇಕೆಂದು ಜ್ಯೋತಿಷಿ ಹೇಳಬೇಕು. ಹೋದ ವರ್ಷ ಪಾಲ್ಮೊಳ ಮಗ ತೀರಿಕೊಂಡಾಗ ಮುದುಕ ಜ್ಯೋತಿಷಿ ಧೂಳು ಹರಡಿದ ಹಲಗೆಯ ಮೇಲೆ ಕಡ್ಡಿಯಿಂದ ಲೆಕ್ಕ ಬರೆದು, "ನೀನು ಹುಲಿ ವರ್ಷದಲ್ಲಿ ಹುಟ್ಟಿದವಳು, ಮುಟ್ಟಕೂಡದು" ಎಂದಿದ್ದರು. ಅವಳು ಬಾಗಿಲಲ್ಲೇ ಕೂತಿದ್ದಳು. ಅವತ್ತಿನಿಂದ ಅವಳಿಗೆ ಅಳುವೇ ಬಂದಿಲ್ಲ.

ಇವತ್ತು ಜ್ಯೋತಿಷಿಯ ಹೆಂಡತಿಯೇ ಹೋಗಿಬಿಟ್ಟಳು. ಪಕ್ಕದ ಮನೆಯ ಪಾಲ್ಮೊ ದೀಪ ಹಚ್ಚಲು ಬಂದಳು. ಮುದುಕ ಹಲಗೆ ಹಿಡಿದು ಬಹಳ ಹೊತ್ತು ಕೂತಿದ್ದರು.

"ಯಾರು ಮುಟ್ಟಬೇಕಂತೆ, ಗುರುಗಳೇ?"

"ಕುದುರೆ ವರ್ಷದವರು."

"ಅಂದ್ರೆ ನೀವೇ."

"ಲೆಕ್ಕ ಹಾಗೆ ಬಂತಮ್ಮ" ಎಂದವರೇ ಹಲಗೆ ಕೆಳಗಿಟ್ಟು ಹೆಂಡತಿಯ ಕೈ ಹಿಡಿದುಕೊಂಡರು.

ಲೆಕ್ಕ ನೋಡಲು ಲಾಮಾಗಳು ಅಂಗಳಕ್ಕೆ ಬಂದ ಸದ್ದಾಯಿತು. ಪಾಲ್ಮೊ ಬಗ್ಗಿ ಹಲಗೆ ನೋಡಿದಳು. ಧೂಳಿನ ಮೇಲೆ ಒಂದು ಗೆರೆಯೂ ಇರಲಿಲ್ಲ.

ಅವಳು ಕಡ್ಡಿ ಎತ್ತಿಕೊಂಡು, ತೋಚಿದ ಅಂಕಿಗಳನ್ನೆಲ್ಲ ಬರೆಯತೊಡಗಿದಳು.