ಮೇಜಿನ ಮೇಲಿನ ಊರುಗಳು

"ಇನ್ನೊಂದ್ಸಲ 'ಕೂತು ಮಾತಾಡೋಣ' ಅಂದ್ರೆ ನಿಮ್ಮನ್ನ ಆಟದಿಂದಲೇ ಎಬ್ಬಿಸಿಬಿಡ್ತೀನಿ, ನೋಡಿ ಸಾಹೇಬ್ರೆ!"

ದಳಪತಿಯ ಬಾಯ್ತುಂಬ ಬಿಸ್ಕತ್ತು. ಸುತ್ತ ನಿಂತ ಅಧಿಕಾರಿಗಳು ಗೊಳ್ಳೆಂದು ನಕ್ಕರು. ಅವನ ಬಾಯಿಂದ ಉದುರಿದ ಪುಡಿ ಮೇಜಿನ ಮೇಲಿನ ನೀಲಿ ನದಿಗೆ ಬಿತ್ತು. ನಿವೃತ್ತ ರಾಯಭಾರಿ ಅದನ್ನು ಅಂಗೈಯಿಂದ ಒರೆಸಿದ.

ಬೆಳಗಿನಿಂದ ಅಲ್ಲಿ ಯುದ್ಧ ನಡೆದಿತ್ತು. ನಿಜದ್ದಲ್ಲ, ಮೇಜಿನ ಮೇಲಿನದು. ಹಜಾರದ ನಡುವೆ ಬಾಗಿಲಿನಷ್ಟು ದೊಡ್ಡ ನಕ್ಷೆ. ಅದೂ ಕಲ್ಪನೆಯದೇ: ಒಂದು ನದಿ, ಅದರ ಎರಡೂ ದಂಡೆಗೆ ಒಂದೇ ಅಚ್ಚಿನ ಮರದ ಊರುಗಳು, ಒಂದೇ ಬಣ್ಣದ ತಗಡಿನ ಟ್ಯಾಂಕುಗಳು. ಹಜಾರದ ಅಕ್ಕಪಕ್ಕ ಎರಡು ಕೋಣೆ. ಒಂದರಲ್ಲಿ ಕೂತವರು ನಾವು, ಇನ್ನೊಂದರಲ್ಲಿ ಕೂತವರು ಶತ್ರು. ಎರಡರ ನಡುವೆ ಒಂದು ಫೋನು. ತೀರ್ಪು ಹೇಳಲು ಸೈನಿಕ ಕಾಲೇಜಿನ ಮುದಿ ಮೇಷ್ಟ್ರು. ದೇಶದ ಹೆಸರು ಬಾಯಿಗೆ ಬಂದರೆ ತಕ್ಕಡಿ ವಾಲುತ್ತದೆಂದು ಅವರು ಎಡಕೋಣೆ, ಬಲಕೋಣೆ ಎಂದಷ್ಟೇ ಕರೆಯುತ್ತಿದ್ದರು.

ಸಂಜೆಗೆ ಸಚಿವೆ ಬರುವವಳಿದ್ದಳು. ಆಟ ಏನು ಕಲಿಸುತ್ತದೋ ಕೇಳಿ ಅವಳು ನಿರ್ಧರಿಸಬೇಕು: ನಿಜವಾದ ಗಡಿನದಿಯ ದಂಡೆಗೆ ಸಮರಾಭ್ಯಾಸಕ್ಕೆಂದು ಸೇನೆ ಕಳಿಸುವುದೋ, ನೆರೆಯ ದೇಶ ಕಳಿಸಿದ ಮಾತುಕತೆಯ ಕರೆಗೆ ಓಗೊಡುವುದೋ. ಎರಡೂ ದೇಶಗಳ ಬಗಲಲ್ಲಿ ಅಣುಬಾಂಬಿತ್ತು. ಆ ನದಿಯ ದಂಡೆಯಲ್ಲೇ ರಾಯಭಾರಿಯ ಮಗಳ ಮನೆಯಿತ್ತು. "ಅಪ್ಪಾ, ಶಾಲೇಲಿ ಮಕ್ಕಳಿಗೆ ಬೆಂಚಿನ ಕೆಳಗೆ ಅವಿತುಕೊಳ್ಳೋದು ಕಲಿಸ್ತಿದ್ದಾರೆ. ಚಿಕ್ಕವನು ಮನೇಲೂ ಊಟದ ಮೇಜಿನ ಕೆಳಗಿಂದ ಈಚೆ ಬರ್ತಿಲ್ಲ" ಎಂದಿದ್ದಳು ಹಿಂದಿನ ದಿನ.

ಅವನನ್ನು ಆಟಕ್ಕೆ ಕರೆದವನು ದಳಪತಿಯೇ. "ಅಷ್ಟು ವರ್ಷ ಆ ನೆರೆದೇಶದಲ್ಲೇ ಇದ್ದು ಬಂದೋರು. ಅವರ ಬುದ್ಧಿ ನಿಮಗಲ್ದೆ ಇನ್ಯಾರಿಗೆ ಗೊತ್ತು, ಬನ್ನಿ" ಎಂದಿದ್ದ. ಆದರೆ ಬೆಳಗ್ಗೆ ಬಾಗಿಲಲ್ಲಿ ಚಾಚಿದ ಕೈಯನ್ನು ಹಿಡಿಯಲಿಲ್ಲ. "ಸಾಯಂಕಾಲದವರೆಗೂ ನಾನ್ಯಾರೋ ನೀವ್ಯಾರೋ!" ಎಂದು ಬಲಕೋಣೆಗೆ ನುಗ್ಗಿದ. ಎಡಕೋಣೆಗೆ ಚಹಾ ಕೂಡ ಆರಿಯೇ ಬಂತು.

ಮೊದಲ ಸುತ್ತಿನಲ್ಲೇ ಬಲಕೋಣೆ "ಬರೀ ಅಭ್ಯಾಸ" ಎನ್ನುತ್ತ ಟ್ಯಾಂಕುಗಳನ್ನು ನದಿಗೆ ತಂದು ನಿಲ್ಲಿಸಿತು. ರಾಯಭಾರಿ ಫೋನೆತ್ತಿದ. "ನೀವು ಹಿಂದೆ ಸರೀರಿ, ನಾವೂ ಸರೀತೀವಿ. ಕೂತು ಮಾತಾಡೋಣ."

"ಕಾಲು ನಡುಗ್ತಿದೆಯಾ?" ಎಂದಿತು ದಳಪತಿಯ ದನಿ. ಹಿಂದೆ ನಗು.

ಎಡಕೋಣೆಯಲ್ಲಿ ಜೊತೆಗಿದ್ದ ಕರ್ನಲ್ ಕೈಕೈ ಹಿಸುಕಿಕೊಂಡ. "ಸಾರ್, ಒಂದೇ ಒಂದು ಗುಂಡು. ಮರ್ಯಾದೆಗಾದ್ರೂ!"

ರಾಯಭಾರಿ ಬೇಡವೆಂದ. ತನ್ನ ಟ್ಯಾಂಕುಗಳನ್ನು ತಾನೇ ಹಿಂದಕ್ಕೆಳೆದು ಮತ್ತೆ ಮಾತುಕತೆಗೆ ಕರೆದ. ಬಲಕೋಣೆ ನದಿ ದಾಟಿತು. ಮತ್ತೂ ಕರೆದ. ದಳಪತಿ ಬಿಸ್ಕತ್ತಿನ ಸಮೇತ ಹಜಾರಕ್ಕೆ ಬಂದು ಗದರಿಸಿದ್ದು ಆಗಲೇ.

"ಆಟ ಅನ್ನೋದನ್ನೇ ಮರೆತಿದ್ದಾರೆ ಸಾರ್" ಎಂದ ಕರ್ನಲ್ ಮೆಲ್ಲಗೆ.

"ಮರೆತಿಲ್ಲಪ್ಪ. ಅದೇ ನನ್ನ ಭಯ."

ಊಟವಾದ ಮೇಲೆ ಬಲಕೋಣೆ ಬಾಂಬು ಹಾಕಿತು. ಹಾಕಿದ್ದು ಹೀಗೆ: ದಳಪತಿ ಹಲ್ಲಿನ ಸಂದಿ ಕೆದಕುತ್ತ ಬಂದ, ಅದೇ ಕೈಯ ಅಂಚಿನಿಂದ ದಂಡೆಯ ಊರೊಂದನ್ನು ಮೇಜಿನಿಂದಾಚೆ ಗುಡಿಸಿದ. ತುಂಡು ನೆಲದ ಮೇಲೆ ಉರುಳಿತು. ಯಾರೋ ಚಪ್ಪಾಳೆ ತಟ್ಟಿದರು. ಯಾರೋ ಅದನ್ನು ಬೂಟಿನಿಂದ ಚೆಂಡಿನಂತೆ ಒದ್ದರು.

"ಎಷ್ಟು ಜನ?"

"ಮೂರು ಲಕ್ಷ."

"ಹೋಗ್ಲಿ ಬಿಡಿ, ಚಿಕ್ಕ ಊರು."

ರಾಯಭಾರಿ ಬಗ್ಗಿ ತುಂಡನ್ನು ಎತ್ತಿಕೊಂಡ. ಯಾವ ದಂಡೆಯ ಊರಾದರೇನು, ಬೂದಿ ಹೊತ್ತ ಗಾಳಿ ನದಿ ದಾಟಲು ಯಾರ ಅಪ್ಪಣೆ ಕೇಳೀತು? ಮನುಷ್ಯನ ನಗು ಇಷ್ಟು ನಾರುವುದುಂಟೆ? ಕಣ್ಣು ಮುಚ್ಚಿ, ಇವರನ್ನೂ ನೀನೇ ಮಾಡಿದೆಯಲ್ಲ ತಂದೆ, ಎಂದು ದೇವರನ್ನು ನೆನೆದ. ಆಮೇಲೆ ಮರುಬಾಂಬು ಹಾಕದೆ ಮತ್ತೆ ಫೋನೆತ್ತಿದ. ಆ ಕಡೆ ಯಾರೂ ಎತ್ತಲಿಲ್ಲ.

ಸಚಿವೆ ಬಂದಳು. ಮೇಷ್ಟ್ರು ನಡೆದುದನ್ನೆಲ್ಲ ಎಡ, ಬಲ ಎಂದೇ ಹೇಳಿದರು. ಕೇಳುತ್ತ ಕೇಳುತ್ತ ಅವಳ ಮುಖ ಕಿವುಚಿತು.

"ಥೂ! ಕೂತು ಮಾತಾಡೋಣ ಬನ್ನಿ ಅಂದೋರ ತಲೆ ಮೇಲೆ ಬಾಂಬಾ? ಈ ಬಲಕೋಣೆಯವರು ಮನುಷ್ಯರಾ?" ಎಂದು ದಳಪತಿಯತ್ತ ತಿರುಗಿದಳು. "ನೀವು ಹೇಳ್ತಿದ್ದದ್ದೇ ಸರಿ. ಇಂಥ ಪಿಶಾಚಿಗಳ ಹತ್ತಿರ ಏನ್ರೀ ಮಾತುಕತೆ? ಸೇನೆ ನದಿಗೆ ಹೋಗ್ಲಿ."

ದಳಪತಿ ಮೇಷ್ಟ್ರತ್ತ ಒಮ್ಮೆ ನೋಡಿದ. ಆಮೇಲೆ "ಅಪ್ಪಣೆ ಅಮ್ಮಾ" ಎಂದ. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಸಚಿವೆ ಪೆನ್ನಿನ ಮುಚ್ಚಳ ಬಿಚ್ಚಿದಳು.

"ಒಂದ್ನಿಮಿಷ ತಡೀರಮ್ಮಾ" ಎಂದ ರಾಯಭಾರಿ. "ಇವತ್ತಿನ ಆಟದಲ್ಲಿ ಶತ್ರುವಿನ ಕುರ್ಚಿ ನಂದು, ಬಲಕೋಣೆ ನಮ್ಮ ದೇಶ."